ಗಾರ್ಮೆಂಟ್ಸ್‌ನಲ್ಲಿ ಯೂನಿಯನ್ ಕಟ್ಟಬೇಕು, ಎಲ್ಲಿಂದ ಶುರು ಮಾಡಲಿ?

ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ನಾನು. ಒಟ್ಟು 600 ಮಂದಿ ಇದ್ದೇವೆ, ಹೆಂಗಸರೇ ಜಾಸ್ತಿ. ಟಾರ್ಗೆಟ್ ಮುಗಿಯದಿದ್ದರೆ ಸಂಜೆ ಮುಕ್ಕಾಲು ಗಂಟೆ ಕೂರಿಸುತ್ತಾರೆ, ಓಟಿ ಬರೆಯುವುದಿಲ್ಲ. ಯೂನಿಯನ್ ಅಂದರೆ ಸಾಕು, ಎಲ್ಲರೂ ಜಾಗ ಖಾಲಿ ಮಾಡುತ್ತಾರೆ. ಕಟ್ಟಿ ಅನುಭವ ಇರುವವರು ಹೇಳಿ.

ಉತ್ತರ 1
ಅಕ್ಕ, ಆ ಪದವನ್ನೇ ಮೊದಲು ಎತ್ತಬೇಡಿ. ನಾವು ಶುರು ಮಾಡಿದ್ದು ಕುಡಿಯುವ ನೀರು ಕೇಳುವುದರಿಂದ. ನಾಲ್ಕು ಜನ ಭಾನುವಾರ ಒಬ್ಬರ ಮನೆಯಲ್ಲಿ ಸೇರಿದೆವು. ಗೇಟ್ ಹತ್ತಿರ ಬೇಡ, ಕಂಪನಿ ವ್ಯಾನ್‌ನಲ್ಲಂತೂ ಬೇಡವೇ ಬೇಡ. ಬ್ಯಾಚ್‌ಗೆ ಒಬ್ಬರನ್ನಾದರೂ ಹುಡುಕಿ. ಜೋರಾಗಿ ಮಾತಾಡುವವರೇ ಆಗಬೇಕಂತಿಲ್ಲ. ನಮ್ಮಲ್ಲಿ ಕೆಲಸ ಆಗಿದ್ದು ಚೀಟಿ ನಡೆಸುತ್ತಿದ್ದ ಅಕ್ಕನಿಂದ. ಅವರನ್ನು ನಂಬಿ ದುಡ್ಡು ಕೊಟ್ಟವರು ಯೂನಿಯನ್‌ಗೆ ಸಹಿಯನ್ನೂ ಹಾಕಿದರು. ಈಗ ಓಟಿ ಆದ ದಿನ, ಹೊತ್ತು, ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಓಟಿಗೆ ಡಬಲ್ ಕೂಲಿ ಕೊಡಬೇಕು ಅಂತ ಕಾನೂನಿದೆ.

ಉತ್ತರ 2
ಲೆಕ್ಕ ಹೇಳುತ್ತೇನೆ. ನೋಂದಣಿಗೆ ಕಾರ್ಮಿಕರಲ್ಲಿ ಶೇ 10 ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಸದಸ್ಯರು ಬೇಕು. ನಿಮಗೆ 60. ಆದರೆ 60ಕ್ಕೇ ನಿಲ್ಲಿಸಬೇಡಿ. ನಾವು ಸರಿಯಾಗಿ ಬೇಕಾದಷ್ಟೇ ಜನರನ್ನು ಇಟ್ಟುಕೊಂಡು ಅರ್ಜಿ ಹಾಕಿದೆವು. ಅಷ್ಟರಲ್ಲಿ ಐದು ಜನ ಕೆಲಸ ಬಿಟ್ಟರು, ಇಬ್ಬರನ್ನು ಬೇರೆ ಯೂನಿಟ್‌ಗೆ ಹಾಕಿದರು. ಮತ್ತೆ ಮೊದಲಿಂದ ಶುರು! ಚಂದಾ ತೆಗೆದುಕೊಂಡರೆ ಹತ್ತು ರೂಪಾಯಿಗೂ ರಸೀದಿ ಕೊಡಿ. 'ದುಡ್ಡು ತಿಂದರು' ಅನ್ನೋ ಪುಕಾರು ಮೊದಲು ಹುಟ್ಟೋದು ಅಲ್ಲೇ.

ಉತ್ತರ 3
2016ರ ಏಪ್ರಿಲ್ ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂದಾಗ ನಾವೆಲ್ಲ ರಸ್ತೆಗೆ ಬಂದೆವು. ಮಕ್ಕಳ ಫೀಸು, ಮದುವೆ, ಎಲ್ಲಕ್ಕೂ ನಮಗಿದ್ದದ್ದು ಆ ದುಡ್ಡೊಂದೇ. ಯಾವ ಲೀಡರೂ ಕರೆದಿರಲಿಲ್ಲ. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆದೇಶ ವಾಪಸ್ ತೆಗೆದುಕೊಂಡಿತು. ಆಮೇಲೆ ಫ್ಯಾಕ್ಟರಿಗೆ ಹೋದರೆ ಅದೇ ಮೆಷಿನ್, ಸೂಪರ್‌ವೈಸರ್ ಬಾಯಲ್ಲಿ ಅದೇ ಬೈಗುಳ. ಅದನ್ನು ಕೇಳೋಕೆ ಒಳಗೆ ಯಾರೂ ಇರಲಿಲ್ಲ. ನಾನು ಯೂನಿಯನ್ ಸೇರಿದ್ದು ಆಗ.

ಉತ್ತರ 4
ವಾಟ್ಸಾಪ್ ಗ್ರೂಪ್ ಈಗಲೇ ಮಾಡಬೇಡಿ. ನಮ್ಮ ಗ್ರೂಪಿನ ಮೆಸೇಜು ಸಂಜೆಯೊಳಗೆ ಎಚ್‌ಆರ್ ಮೇಜಿನ ಮೇಲಿತ್ತು.

ಪ್ರಶ್ನೆ ಕೇಳಿದವರು
ಚೀಟಿ ನಡೆಸುವ ಅಕ್ಕ ನಮ್ಮಲ್ಲೂ ಇದ್ದಾರೆ. ಭಾನುವಾರ ಅವರ ಮನೆಗೆ ಹೋಗುತ್ತೇನೆ. ನನ್ನದೇ ಎರಡು ಕಂತು ಬಾಕಿ ಇದೆ, ಮೊದಲು ಅದನ್ನು ಕಟ್ಟಬೇಕು.