ಅಪ್ಪನ ಲಾರಿಯ ಗಾಜು ಬೆಳ್ಳಗಾಗಿದೆ, ಏನು ಮಾಡಲಿ?

ದುರ್ಗದ ಲಾರಿ:
ಎಲ್ಲರಿಗೂ ನಮಸ್ಕಾರ. ಅಪ್ಪ 22 ವರ್ಷ ಓಡಿಸಿದ ಟಾಟಾ 1210 ಲಾರಿಯ ಮಾಡೆಲ್ ಅನ್ನು 1:24 ಅಳತೆಯಲ್ಲಿ, ಅಂದರೆ ನಿಜವಾದದ್ದರ 24ನೇ ಒಂದು ಭಾಗದಷ್ಟು, ಮಾಡುತ್ತಿದ್ದೇನೆ. ಕಿಟ್ ಎಲ್ಲೂ ಸಿಗಲಿಲ್ಲ. ಸನ್‌ಬೋರ್ಡ್ (ಹಗುರವಾದ ಪ್ಲಾಸ್ಟಿಕ್ ಫೋಮ್ ಹಲಗೆ), ಐಸ್‌ಕ್ರೀಮ್ ಕಡ್ಡಿ, ಖಾಲಿ ರೀಫಿಲ್ಲು, ಇಷ್ಟರಲ್ಲೇ ಎಲ್ಲ ಕೆಲಸ. ನಿಜವಾದ ಲಾರಿಗೆ ನಾಮಕ್ಕಲ್‌ನಲ್ಲಿ ಕಟ್ಟಿಸಿದ ಮರದ ಕ್ಯಾಬಿನ್ ಇತ್ತು. ನನ್ನ ಹತ್ತಿರ ಇರುವುದು ಒಂದೇ ಫೋಟೋ. ಅದರಲ್ಲೂ ಅಪ್ಪ ಮುಂದೆ ನಿಂತು ಅರ್ಧ ಗ್ರಿಲ್ ಮುಚ್ಚಿಬಿಟ್ಟಿದ್ದಾರೆ!

ನಿನ್ನೆ ರಾತ್ರಿ ಮುಂದಿನ ಎರಡು ಗಾಜು ಕೂರಿಸಿದೆ. ಸೂಪರ್ ಗ್ಲೂ ಹಾಕಿ, ಧೂಳು ಬೀಳದಿರಲಿ ಅಂತ ಮೇಲೆ ಡಬ್ಬಿ ಮುಚ್ಚಿಟ್ಟೆ. ಬೆಳಿಗ್ಗೆ ನೋಡಿದರೆ ಮಡಿಕೇರಿ ಮಂಜು ಕವಿದ ಹಾಗೆ ಆಗಿದೆ. ಒರೆಸಿದರೂ ಹೋಗುತ್ತಿಲ್ಲ.

ಇನ್ನೊಂದು ತಲೆನೋವು. ನೆತ್ತಿಯ ಬೋರ್ಡಿನಲ್ಲಿ ‘ಶ್ರೀ ತಿಪ್ಪೇರುದ್ರಸ್ವಾಮಿ ಪ್ರಸನ್ನ’ ಅಂತ ಕೆಂಪಿನ ಮೇಲೆ ಹಳದಿಯಲ್ಲಿ ಬರೆಯಬೇಕು. ಅಕ್ಷರ 5 ಮಿ.ಮೀ. ಎತ್ತರ. ‘ಪ್ಪೇ’ ಹತ್ತಿರ ಬಂದರೆ ಒತ್ತು ಕಲಸಿಹೋಗುತ್ತದೆ. ಮೂರು ಸಲ ಅಳಿಸಿದ್ದಾಯಿತು.

ಸಣ್ಣ ಗಾಲಿ:
ಡಬ್ಬಿ ಮುಚ್ಚಿದ್ದೇ ಎಡವಟ್ಟು. ಆ ಗಮ್ ಗಟ್ಟಿಯಾಗುವಾಗ ಆವಿ ಏಳುತ್ತದೆ. ಹೊರಗೆ ಹೋಗಲು ದಾರಿ ಇಲ್ಲದೆ ಗಾಜಿನ ಮೇಲೇ ಕೂತು ಬೆಳ್ಳಗಾಗುತ್ತದೆ. ನಿಮ್ಮದು ಚಪ್ಪಟೆ ಗಾಜು ಅಲ್ವಾ, ಉಜ್ಜುತ್ತಾ ಕೂರಬೇಡಿ. ಕಿತ್ತು ಹಾಕಿ, ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಕತ್ತರಿಸಿ ಹೊಸದು ಮಾಡಿ. ಫೆವಿಕಾಲನ್ನು ಕಡ್ಡಿ ತುದಿಯಲ್ಲಿ ಅಂಚಿಗೆ ಮಾತ್ರ ಹಚ್ಚಿ. ಒಣಗಿದ ಮೇಲೆ ಕಾಣುವುದೇ ಇಲ್ಲ.

ಅಕ್ಷರಕ್ಕೆ ಬ್ರಷ್ ಬಿಡಿ. ಹಿಂದಿನ ಕೆಂಪನ್ನೂ ಸೇರಿಸಿ ಬಿಳಿ ಸ್ಟಿಕ್ಕರ್ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ. ಲೇಸರ್ ಪ್ರಿಂಟೇ ಕೇಳಿ, ಇಂಕ್‌ಜೆಟ್ ಆದರೆ ನೀರು ತಾಗಿದರೆ ಹರಡುತ್ತದೆ.

ಗ್ಯಾರೇಜ್ ಮಾವ:
ನಿನ್ನ ಮಾಡೆಲ್ಲಿನ ಫೋಟೋ ನೋಡಿದೆ. ಚಕ್ರ ಸಣ್ಣದಾಯಿತು ತಮ್ಮಾ. ಆ ಲಾರಿಯ 9.00-20 ಸೈಜಿನ ಟೈರ್ ಸುಮಾರು 40 ಇಂಚು ಎತ್ತರ. ನಿನ್ನ ಅಳತೆಗೆ 42 ಮಿ.ಮೀ. ಬರಬೇಕು. ನೀನು ಹಾಕಿರುವ 35, ಮಿನಿ ಲಾರಿಯದ್ದು. ಇನ್ನೊಂದು, ಹಿಂದಿನ ಹೊರಚಕ್ರವನ್ನೂ ಮುಂದಿನದರ ಹಾಗೇ ಉಬ್ಬಿಸಿದ್ದೀಯ. ಚಕ್ರದ ನಡುವಿನ ಡಿಸ್ಕು ಎರಡಕ್ಕೂ ಒಂದೇ, ಆದರೆ ಜೋಡಿ ಚಕ್ರದಲ್ಲಿ ಹೊರಗಿನದನ್ನು ತಿರುಗಿಸಿ ಹಾಕುತ್ತಾರೆ. ಹಾಗಾಗಿ ತಟ್ಟೆಯಂತೆ ಒಳಗೆ ತಗ್ಗಿರುತ್ತದೆ. ಒಂದೇ ಸ್ಟೆಪ್ನಿ ಮುಂದಕ್ಕೂ ಹಿಂದಕ್ಕೂ ಆಗುವುದು ಅದಕ್ಕೇ.

ಕೊನೆಗೆ ತುಕ್ಕು, ಕೆಸರು ಚೆನ್ನಾಗಿ ಬಳಿ. ಹೊಸ ಲಾರಿ ಥರ ಇದ್ದರೆ ಆಟದ ಸಾಮಾನು ಅನಿಸುತ್ತದೆ.

ದುರ್ಗದ ಲಾರಿ:
ಮಾವ, ಚಕ್ರ ಬಿಚ್ಚಿದೆ. ಇಷ್ಟು ವರ್ಷ ಆ ಲಾರಿ ಪಕ್ಕದಲ್ಲೇ ಬೆಳೆದರೂ ಹಿಂದಿನ ತಗ್ಗು ಗಮನಿಸಿರಲಿಲ್ಲ.

ಕೆಸರು ಮಾತ್ರ ಬೇಡ. ಅಪ್ಪ ದಿನಾ ಬೆಳಿಗ್ಗೆ ಹಳೇ ಬನಿಯನ್‌ನಲ್ಲಿ ಒರೆಸದೆ ಸ್ಟಾರ್ಟ್ ಮಾಡುತ್ತಿರಲಿಲ್ಲ. ಬಣ್ಣ ಹೋಗಿದ್ದು ಕೈಕಾಲು ತಾಗುವ ಕಡೆ ಮಾತ್ರ. ಹತ್ತುವ ಮೆಟ್ಟಿಲು, ಬಾಗಿಲ ಹಿಡಿ, ಆಮೇಲೆ ಬಲಗಡೆ ಕಿಟಕಿಯಲ್ಲಿ ಮೊಣಕೈ ಊರುವ ಜಾಗ. ಅಲ್ಲಿ ಬೆರಳಗಲ ಮರ ಕಾಣುತ್ತಿತ್ತು. ಅಷ್ಟನ್ನೇ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದ್ದೇನೆ.

ಸಣ್ಣ ಗಾಲಿ:
ಆಹಾ! ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ರಾ?

ದುರ್ಗದ ಲಾರಿ:
ಕಟ್ಟಿದೆ. ನಿಂಬೆ 4 ಸೆಂ.ಮೀ. ಅಂತ ಹಿಡಿದರೂ ನಮ್ಮ ಅಳತೆಗೆ 2 ಮಿ.ಮೀ. ಕೂಡ ಇಲ್ಲ. ಸಾಸಿವೆ ಕಾಳಿಗೆ ಹಳದಿ ಬಳಿದೆ. ಮೆಣಸಿನಕಾಯಿಗೆ ಅಮ್ಮನ ಹೊಲಿಗೆ ಡಬ್ಬಿಯ ಹಸಿರು ದಾರ, ಫೆವಿಕಾಲಿನಲ್ಲಿ ಅದ್ದಿ ಒಣಗಿಸಿ ತುಂಡು ಮಾಡಿದ್ದು. ಅಪ್ಪ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, ‘ಅಮಾವಾಸ್ಯೆಗೆ ಬದಲಾಯಿಸ್ಬೇಕು ಮತ್ತೆ’ ಅಂದರು.