ನಾಲ್ಕು ಕೋಟಿ ಅಂಕೆಯ ಅವಿಭಾಜ್ಯ ಸಂಖ್ಯೆ: ಪರೀಕ್ಷೆ ಮಾಡೋದು ಹೇಗೆ?

ಪ್ರಶ್ನೆ (ಪೋಷಕರು): ಮೇಡಂ, ನಮಸ್ಕಾರ. ಮಗಳು ಹತ್ತನೇ ಕ್ಲಾಸು. ಈಗ ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ 2024ರ ಅಕ್ಟೋಬರಿನಲ್ಲಿ ಸಿಕ್ಕಿತು ಅಂತ ಓದಿದ್ದಾಳೆ. 13,62,79,841 ಎರಡುಗಳನ್ನು ಗುಣಿಸಿ 1 ಕಳೆದರೆ ಬರುತ್ತದಂತೆ, ಒಟ್ಟು 4,10,24,320 ಅಂಕೆಗಳಂತೆ. ಇದನ್ನು 3, 5, 7 ಅಂತ ಭಾಗಿಸುತ್ತಾ ಕೂತರೆ ಮುಗಿಯುತ್ತಾ ಅನ್ನೋದು ಅವಳ ಪ್ರಶ್ನೆ.

ಉತ್ತರ (ಗಣಿತ ಉಪನ್ಯಾಸಕಿ): ಖಂಡಿತ ಮುಗಿಯೋದಿಲ್ಲ. ವರ್ಗಮೂಲದವರೆಗೆ ಭಾಗಿಸಿ ನೋಡಬೇಕು, ಆ ವರ್ಗಮೂಲಕ್ಕೇ ಎರಡು ಕೋಟಿ ಅಂಕೆ ಇದೆ.

ಇಲ್ಲಿ ಕೈ ಹಿಡಿಯೋದು ಸಂಖ್ಯೆಯ ರೂಪ. 2ರ ಘಾತದಲ್ಲಿ 1 ಕಳೆದು ಬರುವ ಇಂಥ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯ ಅಂತಾರೆ. ಇವಕ್ಕೆ ಲ್ಯೂಕಾ–ಲೆಹ್ಮರ್ ಅನ್ನೋ ಪರೀಕ್ಷೆ ಇದೆ. 31ರ ಮೇಲೆ ಮಾಡಿ ನೋಡಿ, 31 ಅಂದರೆ 2ರ ಘಾತ 5ರಲ್ಲಿ 1 ಕಳೆದದ್ದು. 4ರಿಂದ ಶುರು. ವರ್ಗ ಮಾಡಿ 2 ಕಳೆಯಿರಿ: 14. ಮತ್ತೆ ಹಾಗೇ ಮಾಡಿ: 194. 31ರಿಂದ ಭಾಗಿಸಿದರೆ ಶೇಷ 8. ಆ 8ಕ್ಕೆ ಇನ್ನೊಮ್ಮೆ ಹಾಗೇ ಮಾಡಿ: 62, ಶೇಷ 0. ಘಾತಕ್ಕಿಂತ ಎರಡು ಕಡಿಮೆ ಸಲ, ಅಂದರೆ ಮೂರು ಸಲ ಮಾಡಿದಾಗ ಸೊನ್ನೆ ಬಂತು. ಹಾಗಾಗಿ 31 ಅವಿಭಾಜ್ಯ.

ಶೇಷಕ್ಕೆ ಭಾಗಾಕಾರವೂ ಬೇಡ, ಅದೇ ಇದರ ಸೊಗಸು. 32ನ್ನು 31ರಿಂದ ಭಾಗಿಸಿದರೆ ಶೇಷ 1. 194 ಅಂದರೆ ಆರು 32 ಮತ್ತು ಮೇಲೆ 2. ಆ 6ಕ್ಕೆ 2 ಕೂಡಿಸಿ, 8 ಬಂತು ಅಲ್ವಾ? ಕಂಪ್ಯೂಟರಿಗೆ ಇದು ಬಹಳ ಸಲೀಸು. ಆದರೂ ಈ ದೊಡ್ಡ ಸಂಖ್ಯೆಗೆ ಸುಮಾರು 13.6 ಕೋಟಿ ಸಲ ವರ್ಗ ಮಾಡಬೇಕು. ಜಿಂಪ್ಸ್ ಅನ್ನೋ ಸ್ವಯಂಸೇವಕರ ಯೋಜನೆಯಲ್ಲಿ ಲ್ಯೂಕ್ ಡುರಾಂಟ್ ಇದನ್ನು ಗ್ರಾಫಿಕ್ಸ್ ಚಿಪ್‌ಗಳಿಂದ ಹುಡುಕಿದರು.

ಇನ್ನೊಬ್ಬ ಸದಸ್ಯರು: ಬ್ಯಾಂಕಿನ ಗುಪ್ತಲಿಪಿಗೆ ಇದು ಬಳಕೆ ಆಗುತ್ತಾ ಮೇಡಂ?

ಉತ್ತರ: ಇಲ್ಲ. ಆರ್‌ಎಸ್‌ಎ ಅನ್ನೋ ಗುಪ್ತಲಿಪಿ ವಿಧಾನದಲ್ಲಿ 2048 ಬಿಟ್‌ನ ಕೀಲಿಗೆ ಸುಮಾರು 309 ಅಂಕೆಯ ಎರಡು ಅವಿಭಾಜ್ಯಗಳು ಸಾಕು, ಆದರೆ ಅವು ಗುಟ್ಟಾಗಿರಬೇಕು. ಇದು ಊರಿಗೆಲ್ಲಾ ಗೊತ್ತಿರುವ ಸಂಖ್ಯೆ.

ಪೋಷಕರು: ಮಗಳು 127 ಮಾಡಿದಳು: 4, 14, 67, 42, 111, 0. ಆಮೇಲೆ ಘಾತ 11 ತೆಗೆದುಕೊಂಡು 2047 ಮಾಡಿದಳು. ಕೊನೆಗೆ 1736 ಉಳಿಯಿತು. ಅವಿಭಾಜ್ಯ ಅಲ್ಲ ಅಂತಾಯಿತು, ಆದರೆ ಯಾವುದರಿಂದ ಭಾಗ ಹೋಗುತ್ತೆ ಅಂತ ಆ 1736 ಹೇಳುತ್ತಾ?

ಉತ್ತರ: ಲೆಕ್ಕ ಸರಿ ಇದೆ, ಮಗಳಿಗೆ ಶಭಾಷ್ ಹೇಳಿ. 1736 ಅದನ್ನು ಹೇಳೋದಿಲ್ಲ. 2047 ಅಂದರೆ 23 ಗುಣಿಸು 89, ಅದನ್ನು ಬೇರೆಯಾಗೇ ಹುಡುಕಬೇಕು. ದೊಡ್ಡದಾದರೆ ಅದೇ ಕಷ್ಟ. ಘಾತ 67ರ ಸಂಖ್ಯೆ ಅವಿಭಾಜ್ಯ ಅಲ್ಲ ಅಂತ ಲ್ಯೂಕಾ 1876ರಲ್ಲೇ ತೋರಿಸಿದ್ದರು, ಅಪವರ್ತನ ಮಾತ್ರ ಸಿಕ್ಕಿರಲಿಲ್ಲ. ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ 1903ರಲ್ಲಿ ಕೊಟ್ಟರು: 19,37,07,721 ಗುಣಿಸು 7,61,83,82,57,287.