ಸಹಾಯ ಬೇಕು: ವ್ಯಾಗನ್‌ಆರ್ 1.0ಗೆ ಯಾವ ಅಳತಿ ಟೈರ್?

ನಮಸ್ಕಾರ್ರೀ. ಕಲಬುರಗಿ ಒಳಗ ನಾಲ್ಕೂ ಟೈರ್ ಬದಲಿ ಮಾಡಬೇಕಾಗ್ಯಾದ. ಗ್ರೂವ್ ಸವೆದು, ಇನ್ನ ಬದಲಿಸ್ರಿ ಅನ್ನೋ 1.6 ಮಿ.ಮೀ. ಗುರುತಿಗೆ ಬಂದಾವ. ಕಂಪನಿ ಅಳತಿ 155/80 ಆರ್13 (ಅಗಲ 155 ಮಿ.ಮೀ., ಸೈಡ್‌ವಾಲ್ ಅಂದ್ರ ಬಾಜೂ ಗೋಡಿ ಎತ್ತರ ಅಗಲದ 80%, ರಿಮ್ 13 ಇಂಚು). ಅಂಗಡ್ಯಾಗ 165/80 ಹಾಕಸ್ರಿ ಅಂತಾರ. ಲೆಕ್ಕ ಹಾಕಿದ್ರ ವ್ಯಾಸ 578ರಿಂದ 594 ಮಿ.ಮೀ. ಆಗ್ತದ, ಗಾಡಿ ಎತ್ತರ ಬರೇ 8 ಮಿ.ಮೀ. ಹೆಚ್ಚು, ಸ್ಪೀಡೋಮೀಟರ್ ಮಾತ್ರ ಸುಮಾರು 3% ಕಡಿಮಿ ತೋರಸ್ತದ. ಹಾಕಿಸಿದವರು ಹೇಳ್ರಿ: ಸ್ಟೀರಿಂಗ್ ಪೂರ್ತಿ ತಿರುವಿದಾಗ ಒಳಗಿನ ಲೈನರ್‌ಗೆ (ಚಕ್ರದ ಮ್ಯಾಲಿನ ಹೊದಿಕಿಗೆ) ಟೈರ್ ಉಜ್ಜತದೇನು? ಮೈಲೇಜ್ ಎಷ್ಟು ಇಳೀತು?

ವಿಂಟರ್ ಟೈರ್ ಸಲಹೆ ಬ್ಯಾಡ್ರೀ ಮತ್ತ. ಆ ಮೆತ್ತನ ರಬ್ಬರ್ 7 ಡಿಗ್ರಿ ಕೆಳಗಿನ ಥಂಡಿಗೆ ಮಾಡಿದ್ದು; ನಮ್ಮ 40 ದಾಟೋ ಬಿಸಿಲಾಗ ಲಗೂನ ಸವೀತದ. ಬೇಕಾಗಿದ್ದು ಮಳಿಗಾಲದಾಗ ಎರಿ ಮಣ್ಣಿನ ರಾಡಿ ಬಿದ್ದ ಜೇವರ್ಗಿ ರಸ್ತಾಕ್ಕ ಹಿಡಿತ, ಗಟ್ಟಿ ಸೈಡ್‌ವಾಲ್. ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರ್ತದ ಅನ್ನೋ ಅಂಕಿ) 79ಕ್ಕಿಂತ ಕಡಿಮಿ ಬ್ಯಾಡ. ತಯಾರಾದ ವಾರ, ವರ್ಷದ ನಾಲ್ಕಂಕಿ ತೋರಿಸಿ ಹೊಸ ಸ್ಟಾಕ್ ಕೊಡೋ ಅಂಗಡಿ ಗೊತ್ತಿದ್ರ ತಿಳಸ್ರಿ.